ಒಂದು ಬುಟ್ಟಿ ಫೋನು

ಮುರ್ಡೇಶ್ವರದ ಮೀನುಗಾರರ ಕೇರಿಯಲ್ಲಿ ಆ ಮಂಗಳವಾರ ಸಂಜೆ ಎದ್ದ ಪ್ರಶ್ನೆಯನ್ನು ಸಣ್ಣದೆಂದು ಯಾರೂ ತಳ್ಳಿಹಾಕಬಾರದು. ಬಂದರಿನ ಹೂಳು, ಡೀಸೆಲ್ ಸಬ್ಸಿಡಿ, ಕಡಲು ಕೊರೆಯುವ ದಂಡೆಗೆ ಹಾಕಬೇಕಾದ ಕಲ್ಲು, ಇವೆಲ್ಲ ಬಹಳ ಕಾಲದಿಂದ ಕಾಯುತ್ತಿವೆ, ಇನ್ನೂ ಕಾಯಬಲ್ಲವು. ಆದರೆ ಬೋಟು ನಡೆಸುವ ದಿನಕರ ತಾಂಡೇಲನ ಅಂಗಳದ ಕಂಬದ ತುದಿಯಲ್ಲಿದ್ದ ವೈಫೈ ಡಬ್ಬಿಯನ್ನು ಕೆಳಗಿಳಿಸಬೇಕೋ ಬಾರದೋ ಎಂಬುದು ಶುಕ್ರವಾರದೊಳಗೆ ತೀರ್ಮಾನವಾಗಲೇಬೇಕಿತ್ತು.

ಕಂಬದ ಬುಡದಲ್ಲಿ ಕೇರಿಯ ಅರ್ಧ ಜನ ಕತ್ತೆತ್ತಿ ನಿಂತಿದ್ದರು. ಉಳಿದರ್ಧ ಜನ ತಮ್ಮ ತಮ್ಮ ಜಗಲಿಯಲ್ಲಿ ಕುಳಿತು, ಅದೇ ಡಬ್ಬಿಯ ಕೃಪೆಯಿಂದ ಬರುತ್ತಿದ್ದ ವಿಡಿಯೋಗಳನ್ನು ನೋಡುತ್ತಿದ್ದರು. ಗಾಳಿಮರದ ಆ ಕಂಬವನ್ನು ನೆಟ್ಟವನು ದಿನಕರ. ಡಬ್ಬಿಗೆ ಉಪ್ಪುಗಾಳಿ, ಮಳೆಹನಿ ತಾಗಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿ, ಬೋಟಿನ ಹಗ್ಗದಿಂದ ಬೋಟಿನ ಗಂಟನ್ನೇ ಹಾಕಿ ಬಿಗಿದವನೂ ಅವನೇ. ಬಿರುಗಾಳಿ ಬಂದರೆ ಮನೆಯ ಹಂಚು ಹಾರಬಹುದಿತ್ತು, ಆ ಡಬ್ಬಿ ಅಲ್ಲಾಡುತ್ತಿರಲಿಲ್ಲ.

"ಎತ್ತರದಲ್ಲಿ ಇದ್ದಷ್ಟೂ ಒಳ್ಳೇದು ಮಾರಾಯ," ಎಂದ ದಿನಕರ. ಮೀನುಗಾರಿಕೆ ಬಂದ್ ಇರುವ ಮಳೆಗಾಲದ ದಿನಗಳಾದ್ದರಿಂದ ವಾದಕ್ಕೆ ಅವನ ಬಳಿ ಬೇಕಾದಷ್ಟು ಸಮಯವಿತ್ತು. "ಬೋಟಲ್ಲಿ ವಾಯರ್‌ಲೆಸ್ಸಿನ ಏರಿಯಲ್ ಎಲ್ಲಿ ಕಟ್ತ್ರು? ಕಂಬದ ತುದಿಗೆ. ಇಂಜಿನ್ ಕೋಣೇಲಿ ಕಟ್ಟಿದ್ದು ಎಲ್ಲಾದ್ರೂ ಕಂಡಿದ್ಯಾ?"

"ದಿನಕರಣ್ಣ, ಇದು ಬೋಟಲ್ಲ," ಎಂದ ಪಕ್ಕದ ಮನೆಯ ಜಗದೀಶ. ಅವನು ದೇವಸ್ಥಾನದ ಹತ್ತಿರದ ಲಾಡ್ಜೊಂದರಲ್ಲಿ ಕೌಂಟರಿನ ಹಿಂದೆ ಕೂರುವವನು. ಬಂದ ಗಿರಾಕಿ ರೂಮಿನ ಬೀಗದ ಕೈಗಿಂತ ಮೊದಲು ವೈಫೈ ಪಾಸ್‌ವರ್ಡ್ ಕೇಳುತ್ತಿದ್ದುದರಿಂದ ಈ ವಿಷಯದಲ್ಲಿ ಕೇರಿ ಅವನಿಗೆ ಒಂದು ಮರ್ಯಾದೆ ಕೊಟ್ಟಿತ್ತು. "ನಿಮ್ಮ ಸಿಗ್ನಲ್ಲು ನಿಮ್ಮನೆ ಮಾಡಿನ ಮೇಲಿಂದ ಹಾರಿ ನಮ್ಮನೆಗೆ ಬತ್ತಾ ಇದೆ. ನಮ್ಗೆ ಭರ್ತಿ ಇದೆ. ನಿಮ್ಮನೆ ಒಳಗೆ ಎಂತ ಇದೆ, ಕೇಳಿ."

"ಎಂತ ಇಲ್ಲ," ಎಂದಳು ಜಗಲಿಯಲ್ಲಿ ಕುಳಿತಿದ್ದ ಸುಚಿತಾ, ದಿನಕರನ ಹೆಂಡತಿ. ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಮಂಡಿಗೆ ಬಿಸಿ ಶಾಖ ಬೇಕೆಂದು ಡಾಕ್ಟರು ಹೇಳಿದ್ದರು, ಅಷ್ಟನ್ನು ಅದು ಕೊಡುತ್ತಿತ್ತು. ಇಂಟರ್‌ನೆಟ್ ಮಾತ್ರ ಕೊಡುತ್ತಿರಲಿಲ್ಲ.

ಪಾಸ್‌ವರ್ಡ್ ಇಡೀ ಕೇರಿಗೆ ಗೊತ್ತಾದದ್ದರಲ್ಲಿ ಯಾರ ಕಳ್ಳತನವೂ ಇರಲಿಲ್ಲ. ಕೇಬಲಿನವನು ಬಂದು ತಂತಿ ಎಳೆದ ದಿನ ದಿನಕರ ಕಂಬದ ಮೇಲಿದ್ದ, ಸುಚಿತಾ ಒಳಗಿದ್ದಳು. ಡಬ್ಬಿಯ ಹಿಂದೆ ಅಂಟಿಸಿದ್ದ ಚೀಟಿಯನ್ನು ಅವನು ಮೇಲಿನಿಂದಲೇ ಓದಿ ಹೇಳಿದ. ನಡುಗಡಲಿನಲ್ಲಿ ವಾಯರ್‌ಲೆಸ್ ಹಿಡಿದು ಮಾತಾಡುವವರಿಗೆ ಒಂದು ರೂಢಿ ಇದೆ: ಗಂಟಲು ಹರಿಯುವಂತೆ ಕೂಗಬೇಕು, ಪ್ರತಿ ಅಕ್ಷರವನ್ನೂ ಎರಡೆರಡು ಸಲ ಹೇಳಬೇಕು, ಕೊನೆಗೆ "ಸಿಕ್ತಾ?" ಎಂದು ಕೇಳಬೇಕು. "ಸಿಕ್ತು" ಎಂದು ಮೊದಲು ಉತ್ತರಿಸಿದ್ದು ಜಗದೀಶನ ಹೆಂಡತಿ ರೂಪಾ, ತನ್ನ ಅಡುಗೆಮನೆಯಿಂದ. ತೆಂಗಿನಮರಗಳ ನಡುವಿನ ಆ ತಗ್ಗಿನಲ್ಲಿ ಫೋನಿನ ಸಿಗ್ನಲ್ ಸಿಗಬೇಕಾದರೆ ದಂಡೆಗೇ ಹೋಗಬೇಕಿತ್ತು. ಹಾಗಾಗಿ ಆ ಕೂಗು ಕೇರಿಗೆ ಬಾವಿಯಲ್ಲಿ ನೀರು ಬಿದ್ದ ಸುದ್ದಿಯಂತೆ ಕೇಳಿಸಿತು.

ಇಷ್ಟೆಲ್ಲ ಶುರುವಾದದ್ದು ಸುಚಿತಾಳ ಮಂಡಿಯಿಂದ. ಮದುವೆಯಾಗಿ ಬಂದಂದಿನಿಂದ ಅವಳು ಬೆಳಗಿನ ಬಸ್ಸಿಗೆ ಮೀನುಬುಟ್ಟಿ ಏರಿಸಿಕೊಂಡು ಭಟ್ಕಳಕ್ಕೆ ಹೋಗಿ, ನವಾಯತ ಮುಸ್ಲಿಮರ ಓಣಿಗಳಲ್ಲಿ ಮನೆಮನೆಗೆ ಮಾರಿ ಬರುತ್ತಿದ್ದಳು. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಕನ್ನಡ, ಓಣಿಯಲ್ಲಿ ಅವರ ನವಾಯತಿ, ಚೌಕಾಸಿ ಜೋರಾದರೆ ಉರ್ದು. ಇಷ್ಟು ಭಾಷೆ ತನಗೆ ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬಂಗಡೆ ಮಾರಲು ಅಷ್ಟು ಬೇಕಾಗುತ್ತದೆ ಎಂದುಕೊಂಡಿದ್ದಳು. ಹೋದ ವರ್ಷ ಮಂಡಿ ತೋರಿಸಲು ತೆಂಕಣದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದಾಗ, ಸಾಲಿನಲ್ಲಿ ಮುಂದಿದ್ದ, ಕನ್ನಡ ಬಾರದ ಭಟ್ಕಳದ ಮುದುಕಿಯೊಬ್ಬಳು ತನ್ನ ನೋವನ್ನು ಹೇಳಲಾರದೆ ಡಾಕ್ಟರ ಮುಖ ನೋಡುತ್ತ ಕುಳಿತಿದ್ದಳು. ಡಾಕ್ಟರೂ ಅವಳ ಮುಖ ನೋಡುತ್ತ ಕುಳಿತಿದ್ದರು. ಸುಚಿತಾಗೆ ಸುಮ್ಮನಿರಲಾಗಲಿಲ್ಲ. ನಡುವೆ ನಿಂತು ಅವಳದ್ದು ಇವರಿಗೆ, ಇವರದ್ದು ಅವಳಿಗೆ ಹೇಳಿದಳು. ಆ ಡಾಕ್ಟರು, ಶ್ರೀಗೌರಿ ಎಂದು ಹೆಸರು, ಅವಳ ನಂಬರು ತೆಗೆದುಕೊಂಡರು. ಅದೇ ದಿನ ಬೇರೊಬ್ಬ ಡಾಕ್ಟರು ಅವಳ ಮಂಡಿಯ ಚಿತ್ರ ನೋಡಿ, ಇನ್ನು ತಲೆಯ ಮೇಲೆ ಬುಟ್ಟಿ ಹೊರುವಂತಿಲ್ಲ ಎಂದರು.

ಬುಟ್ಟಿ ಆಮೇಲೂ ಕೆಲವು ತಿಂಗಳು ಹೊರಟಿತು. ಕೇರಿಯ ಹೆಂಗಸರು ಅದನ್ನು ಬಸ್ಸಿಗೆ ಏರಿಸಿ ಕೊಡುತ್ತಿದ್ದರು. ಭಟ್ಕಳದಲ್ಲಿ ಇಳಿಸಿ ಕೊಡುವವರೂ ಸಿಗುತ್ತಿದ್ದರು. ಆದರೆ ಓಣಿಯ ಮೆಟ್ಟಿಲುಗಳನ್ನು ಅವಳ ಪರವಾಗಿ ಯಾರು ಹತ್ತುತ್ತಾರೆ? ಬುಟ್ಟಿ ಜಗಲಿಯ ಮೂಲೆ ಸೇರಿತು.

ಆಗ, ಒಂದು ದಿನ ಅವಳು ದಂಡೆಯಲ್ಲಿದ್ದಾಗ, ಶ್ರೀಗೌರಿ ಡಾಕ್ಟರ ಫೋನು ಬಂತು. ಆಸ್ಪತ್ರೆಯವರು ಹೊಸ ವ್ಯವಸ್ಥೆ ಮಾಡುತ್ತಿದ್ದಾರೆ, ಭಾಷೆ ಬಲ್ಲವರು ಮನೆಯಲ್ಲೇ ಕುಳಿತು ವಿಡಿಯೋದಲ್ಲಿ ಮಾತು ದಾಟಿಸಬೇಕು. ಫೋನಿನ ಸಣ್ಣ ಪರದೆ ಆಗುವುದಿಲ್ಲ, ಒಂದು ಕಡೆ ಡಾಕ್ಟರು ಒಂದು ಕಡೆ ರೋಗಿ ಇಬ್ಬರ ಮುಖವೂ ಕಾಣಬೇಕು, ಲ್ಯಾಪ್‌ಟಾಪ್ ಬೇಕು. ಶುಕ್ರವಾರ ಸಂಜೆ ನಾಲ್ಕಕ್ಕೆ ಒಂದು ಪರೀಕ್ಷೆ. "ನಿಮ್ಮ ಮಾತಿನ ಬಗ್ಗೆ ನನಗೆ ಅನುಮಾನ ಇಲ್ಲ ಸುಚಿತಾ. ನಿಮ್ಮ ನೆಟ್ ಬಗ್ಗೆ ಇದೆ. ರೋಗಿ ಮಾತಾಡುವಾಗ ಅರ್ಧಕ್ಕೆ ಕಡಿದು ಹೋಗುವ ಹಾಗಿದ್ದರೆ ನಮ್ಮವರು ಒಪ್ಪುವುದಿಲ್ಲ," ಎಂದಿದ್ದರು. ಕೇಬಲಿನವನನ್ನು ಕರೆಸಿದ್ದು ಅದಕ್ಕೇ.

ಲ್ಯಾಪ್‌ಟಾಪ್ ಕೊಟ್ಟವರು ಭಟ್ಕಳದ ಮೈಮೂನಾ ಬೀಬಿ. ಸುಚಿತಾಳ ಮೀನು ಬಿಟ್ಟು ಬೇರೆಯವರ ಮೀನಿಗೆ ಕೈ ಹಚ್ಚದವರು. ಮಗಳು ಕಾಲೇಜಿಗೆ ಹೋಗುವಾಗ ಕೊಂಡದ್ದಂತೆ. ಮಗಳಿಗೆ ಈಗ ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ. "ನನ್ ಕಪಾಟಲ್ಲಿ ಇದ್ರೆ ಇರುವೆ ಗೂಡು ಕಟ್ತದೆ. ನಿನ್ನ ಹತ್ರ ಇದ್ರೆ ಯಾರದ್ದಾದ್ರೂ ಹೊಟ್ಟೆನೋವು ಗುಣ ಆಗ್ತದೆ, ತಗೊ," ಎಂದು ಹಳೆಯ ದುಪಟ್ಟಾದಲ್ಲಿ ಸುತ್ತಿ ಕೊಟ್ಟರು. ಒಂದು ಮಧ್ಯಮ ಇಸ್ವಾಣ ಮೀನಿನಷ್ಟು ತೂಕವಿತ್ತು. ಸುಚಿತಾ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಮಗು ಎತ್ತಿಕೊಂಡವಳಂತೆ ಬಂದಳು. ಕಂಡಕ್ಟರು ಸೀಟು ಬಿಡಿಸಿಕೊಟ್ಟ.

ಮೊದಲ ದಿನ ಅದು ವೈಫೈ ಎಂಬುದೊಂದು ಲೋಕದಲ್ಲಿದೆ ಎಂದೇ ಒಪ್ಪಲಿಲ್ಲ. ಮೂಲೆಯಲ್ಲಿ ಒಂದು ಕೆಂಪು ಗುರುತು. ದಿನಕರ ಅದನ್ನು ಇಂಜಿನ್ ಎಂದು ತಿಳಿದು ಚಿಕಿತ್ಸೆ ಮಾಡಿದ: ಬಿಸಿಲಿಗೆ ಇಟ್ಟ, ಸಂದುಸಂದಿಗೆ ಊದಿದ, ತುಕ್ಕು ಬಿಡಿಸುವ ಸ್ಪ್ರೇ ತರಲು ಹೊರಟಾಗ ಸುಚಿತಾ ಅಡ್ಡ ನಿಂತಳು. ಮಾರನೆಯ ದಿನ ಅವಳು ಒದ್ದೆ ಬಟ್ಟೆಯಿಂದ ಅಂಚನ್ನು ಒರೆಸುತ್ತ, ಮೀನಿನ ಹುರುಪೆ ತೆಗೆಯುವ ಅಭ್ಯಾಸದ ಕೈಯಲ್ಲಿ ಹೆಬ್ಬೆರಳನ್ನು ಮುಂಬದಿಗೆ ಒತ್ತಿ ಎಳೆದಳು. ಕೊಳೆ ಎಂದುಕೊಂಡಿದ್ದು ಸರಿಯಿತು. ಪಕ್ಕದಲ್ಲಿ ನೀಲಿ ದೀಪ ಹತ್ತಿತು. ಅದು ವೈಫೈಯ ಗುಂಡಿ. ಮೈಮೂನಾ ಬೀಬಿಯ ಮಗಳು ಕಾಲೇಜು ಬಿಟ್ಟಂದಿನಿಂದ ಅದು ಬಂದ್ ಆಗಿಯೇ ಇತ್ತು.

ನೀಲಿ ದೀಪ ಬಂದರೂ ಆಸ್ಪತ್ರೆಯ ಪುಟ ತೆರೆಯಲಿಲ್ಲ. ಸಿಗ್ನಲ್ ಸಿಗುವ ಬೇಲಿಯಂಚಿಗೆ ಒಯ್ದು ಏನನ್ನು ಒತ್ತಿದರೂ ಇದು ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಜಗದೀಶ ಬಂದು ನೋಡಿ ತುಂಬ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಮೂಲೆಯ ಗಡಿಯಾರ ಕಂಡು ನಗಲು ಶುರು ಮಾಡಿದ. "ಸುಚಿತಕ್ಕ, ನಿಮ್ಮ ಲ್ಯಾಪ್‌ಟಾಪಿಗೆ ಇವತ್ತು ಎರಡು ಸಾವಿರದ ಒಂಬತ್ತನೇ ಇಸವಿ ಜನವರಿ ಒಂದು. ಇದ್ರ ಒಳಗಿನ ಬ್ಯಾಟರಿ ಸತ್ತಿದೆ. ಬಂದ್ ಮಾಡಿದಾಗೆಲ್ಲ ಅಲ್ಲಿಗೇ ವಾಪಸ್ ಹೋತದೆ. ಇಸವಿ ಸುಳ್ಳು ಹೇಳಿದ್ರೆ ಯಾರು ಬಾಗಿಲು ತೆಗಿತ್ರು?" ಅಂದಿನಿಂದ ಸುಚಿತಾ ದಿನಾ ಬೆಳಿಗ್ಗೆ ಲ್ಯಾಪ್‌ಟಾಪಿಗೆ ಇವತ್ತು ಯಾವ ದಿನವೆಂದು ಹೇಳಿಕೊಟ್ಟು ಕೆಲಸ ಶುರು ಮಾಡುತ್ತಿದ್ದಳು. ಅವಳ ಅತ್ತೆಯ ಕೊನೆಗಾಲದಲ್ಲೂ ಹಾಗೆಯೇ ಮಾಡಬೇಕಾಗಿದ್ದುದರಿಂದ ಅದು ಅವಳಿಗೆ ಕಷ್ಟವೆನಿಸಲಿಲ್ಲ.

ಹೀಗೆ ಉಳಿದದ್ದು ಕಂಬ.

"ಇಳಿಸಿ ಮಾರಾಯ್ರೆ," ಎಂದಳು ಸುಚಿತಾ ಆ ಮಂಗಳವಾರ, ದನಿ ಏರಿಸದೆ. "ಕಡಲ ಮೇಲೆ ನಿಮ್ಮ ಮಾತು ನಾ ಯಾವತ್ತಾದ್ರೂ ತೆಗ್ದು ಹಾಕಿದ್ನಾ?"

ದಿನಕರ ಹೆಂಡತಿಯನ್ನು ನೋಡಿದ, ಕಂಬವನ್ನು ನೋಡಿದ, ನೆರೆದವರನ್ನು ನೋಡಿದ. "ಆತು," ಎಂದು ಲುಂಗಿ ಮೇಲೆ ಕಟ್ಟಿದ. ಗಂಟು ಬಿಚ್ಚಲು ಅವನಿಗೇ ಕಷ್ಟವಾಯಿತು, ಅಷ್ಟು ಚೆನ್ನಾಗಿ ಹಾಕಿದ್ದ.

ಡಬ್ಬಿ ಜಗಲಿಯ ಕಿಟಕಿಯಲ್ಲಿ ಕುಳಿತಿತು. ಒಳಕೋಣೆಯ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ಲಿನ ಗೆರೆಗಳು ಒಂದರ ಮೇಲೊಂದು ಎದ್ದು ನಿಂತವು. ಸುಚಿತಾ ದೇವರ ಗೂಡಿಗೆ ಒಂದು ಹೂ ಹೆಚ್ಚಿಗೆ ಇಟ್ಟಳು. ಆದರೆ ಮರುದಿನ ಸಂಜೆಯೊಳಗೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಸಿಗ್ನಲ್ ಮನೆಯೊಳಗೆ ಬಂದ ಮೇಲೆ ಕೇರಿಯೂ ಅದರ ಹಿಂದೆಯೇ ಬಂತು. ಅಷ್ಟು ದಿನ ತಮ್ಮ ಜಗಲಿಯಲ್ಲಿ ಕೂರುತ್ತಿದ್ದವರು ಈಗ ದಿನಕರನ ಜಗಲಿಯಲ್ಲಿ, ಮೆಟ್ಟಿಲ ಮೇಲೆ, ಬಲೆಯ ರಾಶಿಯ ಮೇಲೆ, ಬೋರಲಾಗಿದ್ದ ಆ ಬಕೆಟ್ಟಿನ ಮೇಲೆ ಕುಳಿತರು. ಗಂಗಿ ಅಜ್ಜಿ ಬಾಗಿಲ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿದಳು. ಕೇರಿಗೆಲ್ಲ ಹಿರಿಯಳಾದ ಅವಳು ಯಕ್ಷಗಾನದ ಹುಚ್ಚಿನವಳು. ಮೊಮ್ಮಗಳು ಫೋನಿನಲ್ಲಿ ಆಟ ಹಚ್ಚಿ ಕೊಟ್ಟರೆ ಊಟ ಮರೆಯುವವಳು.

ಗುರುವಾರ ಸಂಜೆ ಶ್ರೀಗೌರಿ ಡಾಕ್ಟರು ಒಮ್ಮೆ ಸುಮ್ಮನೆ ಕರೆ ಮಾಡಿ ನೋಡೋಣ ಎಂದರು. ಅವರ ಮುಖ ಪರದೆಯ ಮೇಲೆ ಮೂಡಿತು, ನಗುತ್ತಿರುವಾಗಲೇ ಹಲ್ಲು ಕಾಣಿಸಿಕೊಂಡು ನಿಂತುಬಿಟ್ಟಿತು. ತುಟಿ ಅಲ್ಲಾಡದೆ ಮಾತು ಬಂತು, ಮಾತು ನಿಂತ ಮೇಲೆ ತುಟಿ ಅಲ್ಲಾಡಿತು. "ನಾಳೆ ಹೀಗಾಗಬಾರದು," ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಸುಚಿತಾ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಜಗಲಿಯಲ್ಲಿ ಇಪ್ಪತ್ತು ಮುಖಗಳು ಇಪ್ಪತ್ತು ಬೆಳಕಿನಲ್ಲಿ ಹೊಳೆಯುತ್ತಿದ್ದವು. ಅವಳು ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು.

"ಪಾಸ್‌ವರ್ಡ್ ಬದಲು ಮಾಡ್ವ," ಎಂದ ಜಗದೀಶ, ಅಡುಗೆಮನೆಯ ಬಾಗಿಲಿಗೆ ಬಂದು, ತಗ್ಗಿದ ದನಿಯಲ್ಲಿ. "ಐದು ನಿಮಿಷದ ಕೆಲ್ಸ. ನಂಗೂ ಹೇಳ್ಬೇಡಿ. ನಂಗೆ ಹೇಳಿದ್ರೆ ರೂಪಾಗೆ ಗೊತ್ತಾತದೆ, ರೂಪಾಗೆ ಗೊತ್ತಾದ್ರೆ ಮತ್ತೆ ಕಂಬ ಹತ್ತಿ ಕೂಗೂದು ಬೇಡ."

"ಬ್ಯಾಡ," ಎಂದಳು ಸುಚಿತಾ. "ಬುಟ್ಟಿ ಬಸ್ಸಿಗೆ ಹತ್ತಿಸಿಕೊಟ್ಟ ಕೈ ಅವು. ಈಗ ಬಾಗ್ಲು ಹಾಕ್ಕೊಂಬ್ದು ಹ್ಯಾಂಗೆ?"

"ಮತ್ತೆ ಕೆಲಸ?"

ಅಕ್ಕಿ ತೊಳೆದದ್ದಾಗಿತ್ತು, ಮತ್ತೊಮ್ಮೆ ತೊಳೆದಳು.

ದಿನಕರ ಇಷ್ಟನ್ನೂ ಕೇಳುತ್ತ ನಡುಮನೆಯಲ್ಲಿ ನಿಂತಿದ್ದ. ಅವನು ಜಗಲಿಗೆ ಹೋದ. ಡಬ್ಬಿ ಇಳಿಸಿದಂದಿನಿಂದ ಸ್ವಲ್ಪ ಮಂಕಾಗಿದ್ದ ತಾಂಡೇಲನಿಗೆ ತನ್ನ ಹಳೆಯ ದನಿ ವಾಪಸ್ಸು ಬಂದಿತ್ತು.

"ಕೇಳಿ ಎಲ್ರೂ. ಕಡಲ ಮೇಲೆ ಒಂದು ಬೋಟು ಕಷ್ಟದಲ್ಲಿದ್ದು ವಾಯರ್‌ಲೆಸ್ಸಲ್ಲಿ ಮಾತಾಡ್ತಾ ಇದ್ರೆ, ಉಳಿದ ಬೋಟಿನವ್ರು ಎಂತ ಮಾಡ್ಬೇಕು?"

ಅಲ್ಲಿ ಕುಳಿತಿದ್ದ ಗಂಡಸರೆಲ್ಲ ತಲೆಯೆತ್ತಿದರು. ಇದು ಅವರಿಗೆ ಹೇಳಿಕೊಡಬೇಕಾದ ಪಾಠವಲ್ಲ. "ಬಾಯ್ಮುಚ್ಚಿ ಕೂರ್ಬೇಕು," ಎಂದ ಒಬ್ಬ. "ಅವ್ರ ಮಾತು ಮುಗಿಯೋವರೆಗೆ ಯಾರೂ ಗುಂಡಿ ಒತ್ತೂಕಿಲ್ಲ."

"ನಾಳೆ ನಾಲ್ಕು ಗಂಟೆಗೆ ನನ್ನ ಹೆಂಡ್ತಿ ಮಾತಾಡ್ತಾಳೆ," ಎಂದ ದಿನಕರ. "ಮುಗಿಯೋವರೆಗೆ ಈ ಕೇರೀಲಿ ಯಾರೂ ಸದ್ದು ಮಾಡೂಕಿಲ್ಲ. ಅಷ್ಟೇಯ."

ಶುಕ್ರವಾರ ನಾಲ್ಕಕ್ಕೆ ಮೊದಲೇ ಜಗಲಿ ತುಂಬಿತು. ಮನೆಯಲ್ಲೇ ಇದ್ದರೆ ಆಗುತ್ತಿತ್ತು, ಆದರೆ ತಾನು ಗುಂಡಿ ಒತ್ತುತ್ತಿಲ್ಲ ಎಂಬುದನ್ನು ನಾಲ್ಕು ಜನ ನೋಡಬೇಕಲ್ಲ. ಮೂಲೆಯಿಂದ ಮೀನುಬುಟ್ಟಿಯನ್ನು ಎಳೆದು ನಡುವೆ ಇಟ್ಟವಳು ರೂಪಾ. ತನ್ನ ಫೋನನ್ನು ಬಂದ್ ಮಾಡಿ, ಒಮ್ಮೆ ಎದೆಗೊತ್ತಿಕೊಂಡು, ಬುಟ್ಟಿಯೊಳಗೆ ಹಾಕಿದಳು. "ಇದು ಹೋದ್ರೆ ನಾನೂ ಹೋದೆ," ಎಂದಳು. "ಪುಣ್ಯ ಬಂತು," ಎಂದ ಜಗದೀಶ ತನ್ನದನ್ನೂ ಹಾಕುತ್ತ. ಒಬ್ಬೊಬ್ಬರಾಗಿ ಎದ್ದು ಬಂದರು. ಕಪ್ಪು ಪರದೆಗಳು ಬುಟ್ಟಿಯಲ್ಲಿ ಒಂದರ ಮೇಲೊಂದು ಜಾರಿ ಬಿದ್ದವು.

ಒಳಗಿನಿಂದ ಸುಚಿತಾಳ ದನಿ ಕೇಳತೊಡಗಿತು. ಅವಳ ಎದುರಿನ ಪರದೆ ಯಾರಿಗೂ ಕಾಣುತ್ತಿರಲಿಲ್ಲ, ಗೋಡೆಯಾಚೆಯ ಮಾತಷ್ಟೇ. ಮೊದಲು ಡಾಕ್ಟರ ಜೊತೆ ಕನ್ನಡ. ಊರಿನದಲ್ಲ, ಶಾಲೆಯಲ್ಲಿ ಕಲಿತದ್ದು, ಸ್ವಲ್ಪ ಇಸ್ತ್ರಿ ಹಾಕಿದ್ದು. ಆಮೇಲೆ ನವಾಯತಿ. ಕೊಂಕಣಿ ಬಲ್ಲವರಿಗೆ ನವಾಯತಿ ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ಅವರು ತಾವೇ ತುಂಬಿಕೊಳ್ಳುತ್ತಾರೆ. ಆ ಕಡೆ ಒಬ್ಬ ಮುದುಕಿ ಇದ್ದಾಳೆಂದು ಜಗಲಿಗೆ ತಿಳಿಯಿತು. ಅವಳಿಗೆ ಎದೆಯುರಿ ಎಂದು ಅರ್ಧ ಜಗಲಿ, ಇಲ್ಲ, ಸೊಸೆಯ ಕಾಟ ಎಂದು ಇನ್ನರ್ಧ ಜಗಲಿ, ಕಣ್ಸನ್ನೆಯಲ್ಲೇ ವಾದ ಮಾಡಿದವು.

ಸುಚಿತಾಳ ಮಾತು ನಡುವೆ ನಿಂತಿತು. "ಡಾಕ್ಟ್ರೇ? ಕೇಳ್ತಾ ಇದ್ಯಾ?" ಎಂದಳು. ಉತ್ತರವಿಲ್ಲ. "ಡಾಕ್ಟ್ರೇ?"

ದಿನಕರ ಕಿಟಕಿಯ ಡಬ್ಬಿಯ ಕಡೆ ನೋಡಿದ. ನೀರಿನಡಿ ಮೀನಿನ ಹಿಂಡು ತೋರಿಸುವ ಬೋಟಿನ ಯಂತ್ರವನ್ನು ನೋಡಿ ನೋಡಿ ಪಳಗಿದ ಕಣ್ಣು. ಡಬ್ಬಿಯ ದೀಪ ಹುಚ್ಚೆದ್ದು ಮಿಣುಕುತ್ತಿತ್ತು. "ಯಾರೋ ಎಳೀತಾ ಇದ್ದಾರೆ," ಎಂದ ಪಿಸುದನಿಯಲ್ಲಿ. "ಯಾರು?"

ಎಲ್ಲರೂ ಎಲ್ಲರನ್ನೂ ನೋಡಿದರು. ಬುಟ್ಟಿ ನೋಡಿದರು. ಬುಟ್ಟಿ ತಣ್ಣಗಿತ್ತು. ಎಲ್ಲರ ಕಣ್ಣೂ ಒಂದು ಸುತ್ತು ಬಂದು ಬಾಗಿಲ ಪಕ್ಕದ ಕಂಬದ ಬಳಿ ನಿಂತವು. ಗಂಗಿ ಅಜ್ಜಿ ಎಲ್ಲರಿಗಿಂತ ಸುಮ್ಮನೆ, ತುಟಿ ಬಿಗಿದು, ತೊಡೆಯ ಮೇಲಿನ ಎಲೆಯಡಿಕೆಯ ಸಂಚಿಯೊಳಗೆ ಇಣುಕುತ್ತ ಕುಳಿತಿದ್ದಳು. ಅವಳ ಮುಖದ ಮೇಲೆ ಬಣ್ಣ ಬಣ್ಣದ ಬೆಳಕು ಕುಣಿಯುತ್ತಿತ್ತು.

"ಅಜ್ಜೀ!" ಎಂದಳು ರೂಪಾ, ಉಸಿರಿನಲ್ಲೇ ಕಿರುಚಿ.

"ಎಂತದೇ?" ಎಂದಳು ಅಜ್ಜಿ, ಅದೇ ಪಿಸುದನಿಯಲ್ಲಿ. "ಸದ್ದು ಮಾಡೂಕಿಲ್ಲ ಅಂದ್ರಿ, ಸದ್ದು ಪೂರಾ ತೆಗ್ದಿದೆ. ಚಂಡೆ ಇಲ್ಲ, ಪದ ಇಲ್ಲ, ಬರೀ ಕುಣಿತ ಕಾಣ್ತಾ ಇದ್ದೆ. ನನ್ನಷ್ಟು ನಿಯತ್ತಿನವಳು ಇಲ್ಲಿ ಯಾರಿದ್ರು, ಹೇಳು."

ತಪ್ಪು ತಾಂಡೇಲನದೆಂದು ಆಮೇಲೆ ಕೇರಿ ತೀರ್ಮಾನಿಸಿತು. ಅವನು ಹೇಳಿದ್ದು ಸದ್ದಿನ ವಿಷಯವೇ. ಆಗ ಮಾತ್ರ ವಾದಕ್ಕೆ ಸಮಯವಿರಲಿಲ್ಲ. ರೂಪಾ ಕೈ ಚಾಚಿದಳು. ಅಜ್ಜಿ ಪರದೆಯನ್ನು ಒಮ್ಮೆ ನೋಡಿದಳು, ಯಾರೋ ರಾಕ್ಷಸನ ವಧೆ ಆಗುವುದರಲ್ಲಿತ್ತು. "ಸುಚಿತಾಗಾಗಿ," ಎಂದು ಫೋನನ್ನು ಕೊಟ್ಟಳು. ರೂಪಾ ಅದನ್ನು ಬಂದ್ ಮಾಡಿ ಬುಟ್ಟಿಗೆ ಹಾಕಿದಳು. ಡಬ್ಬಿಯ ದೀಪ ಉಸಿರಾಟದಷ್ಟು ನಿಧಾನಕ್ಕೆ ಬಂತು.

"ಹಾಂ, ಬಂದ್ರಿ ಡಾಕ್ಟ್ರೇ," ಎಂದಳು ಒಳಗೆ ಸುಚಿತಾ. ಆಸ್ಪತ್ರೆಯ ಕಡೆಯಿಂದ ಏನೋ ಕೇಳಿರಬೇಕು, ಏನಾಯಿತು, ಮತ್ತೆ ಹೀಗೆ ಆಗುತ್ತದೆಯೇ ಎಂದು. ಜಗಲಿಯ ಪಿಸುಮಾತು ಅಷ್ಟೂ ಅವಳಿಗೆ ಕೇಳಿಸಿತ್ತು. ಸುಳ್ಳು ಹೇಳಬಹುದಿತ್ತು. ಕರೆಂಟು, ಗಾಳಿ, ಸಿಡಿಲು, ಮಳೆಗಾಲದಲ್ಲಿ ನೆಪಕ್ಕೇನು ಬರ. "ನಮ್ಮ ಕೇರಿಯವ್ರು ನನ್ನ ಸಲುವಾಗಿ ಎಲ್ರೂ ಫೋನು ಬಂದ್ ಮಾಡಿ ಹೊರಗೆ ಕೂತಿದ್ದಾರೆ ಡಾಕ್ಟ್ರೇ," ಎಂದಳು. "ಒಬ್ಬರು ಅಜ್ಜಿ ಮಾತ್ರ ಸದ್ದಿಲ್ದೆ ಆಟ ಕಾಣ್ತಾ ಇದ್ರು. ಈಗ ಅವ್ರೂ ಕೊಟ್ರು. ಇನ್ನು ಕಡಿಯೂದಿಲ್ಲ." ಆಮೇಲೆ ಅದನ್ನೇ ನವಾಯತಿಯಲ್ಲಿ ಮುದುಕಿಗೂ ಹೇಳಿದಳು. ಅವಳನ್ನು ಕಾಯಿಸಿದ್ದಕ್ಕೆ ಕಾರಣ ಅವಳಿಗೂ ತಿಳಿಯಬೇಕಲ್ಲ.

ಆ ಕಡೆಯಿಂದ ಮುದುಕಿಯ ನಗು ಬಂತು. ಕೆಮ್ಮಿಗೆ ತಿರುಗಿ, ಮತ್ತೆ ನಗುವಾಗಿ, ಮುಗಿಯದೆ ಬಂತು. ಅವಳು ಏನೋ ಹೇಳಿದಳು. "ಎಂತ ಹೇಳಿದ್ರು?" ಎಂದು ಡಾಕ್ಟರು ಕೇಳಿದ್ದು ಜಗಲಿಗೂ ಕೇಳಿಸಿತು.

"ತನಗೂ ಆ ಥರದ್ದೊಂದು ಜಗಲಿ ಇದ್ದಿದ್ರೆ ಈ ಎದೆಯುರಿ ಬರ್ತಾ ಇರಲಿಲ್ಲವಂತೆ," ಎಂದಳು ಸುಚಿತಾ. "ಸೊಸೆ ಒಳ್ಳೆಯವಳೇ, ಆದ್ರೆ ದಿನವಿಡೀ ಮಾತಾಡ್ಲಿಕ್ಕೆ ಮನೆಯಲ್ಲಿ ಜನ ಇಲ್ಲವಂತೆ. ಮಧ್ಯಾಹ್ನದ ಊಟ ಬಿಟ್ಟಿದ್ದೂ ಅದಕ್ಕೇ. ಈಗ ತಾನೇ ಹೇಳಿದ್ರು."

ಜಗಲಿಯ ಎರಡೂ ಪಕ್ಷಗಳು ತಾವೇ ಗೆದ್ದೆವೆಂದು ಪರಸ್ಪರ ನೋಡಿಕೊಂಡವು. ಒಳಗೆ ಮಾತು ಮುಂದುವರಿಯಿತು, ಇನ್ನೆಲ್ಲೂ ಕಡಿಯಲಿಲ್ಲ.

ಮುಗಿದ ಮೇಲೆ ಸುಚಿತಾ ಹೊರಗೆ ಬಂದಳು. ಮುಗಿದಿದೆಯೋ ಇಲ್ಲವೋ ಎಂಬ ಭಯಕ್ಕೆ ಯಾರೂ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅವಳು ಮಂಡಿ ಹಿಡಿದುಕೊಂಡು ಬುಟ್ಟಿಯ ಮುಂದೆ ನಿಧಾನವಾಗಿ ಕುಳಿತಳು. ಆ ಕೇರಿಯಲ್ಲಿ ಥ್ಯಾಂಕ್ಸ್ ಎಂದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ, ಆದ್ದರಿಂದ ಅವಳು ಅದನ್ನು ಹೇಳಲಿಲ್ಲ. ಒಂದೊಂದೇ ಫೋನು ಎತ್ತಿ, ಸೆರಗಿನಿಂದ ಎರಡೂ ಬದಿ ಒರೆಸಿ, ಯಾರದೆಂದು ಕೇಳದೆಯೇ ಅವರವರ ಕೈಗೆ ಕೊಟ್ಟಳು, ಗಿರಾಕಿಗೆ ಒಳ್ಳೆಯ ಮೀನು ಆರಿಸಿ ಕೊಡುವಾಗಿನಂತೆ. ಮೊದಲನೆಯದು ಗಂಗಿ ಅಜ್ಜಿಗೆ ಹೋಯಿತು.

"ಬಂಗಡೆ ವಾಸನೆ ಬತ್ತದೆ," ಎಂದಳು ಅಜ್ಜಿ, ಫೋನನ್ನು ಮೂಗಿಗೆ ಹಿಡಿದು.

"ಪುಕ್ಕಟೆ," ಎಂದ ದಿನಕರ.

ಸುಚಿತಾ ಸೋಮವಾರದಿಂದ ಕೆಲಸ ಶುರು ಮಾಡಿದಳು. ಬುಟ್ಟಿ ಜಗಲಿಯ ನಡುವೆಯೇ ಇದೆ.